ನಾಲ್ಕಡಿ ಗೀರಿಗೆ ಹನ್ನೊಂದು ಬಣ್ಣ

ಬೆಳಗಿನ ಐದೂ ಕಾಲು ಗಂಟೆ. ದುಬೈನ ಅಲ್ ನಹ್ದಾದಲ್ಲಿ ಒಂಬತ್ತು ಮಹಡಿಯ ಕಟ್ಟಡವೊಂದರ ನೆಲಮಾಳಿಗೆ. ಶುಕ್ರವಾರವಾದ್ದರಿಂದ ಆಫೀಸಿಗೆ ಹೊರಡುವ ಗಡಿಬಿಡಿ ಯಾರಿಗೂ ಇಲ್ಲ. ಸಾಲಾಗಿ ನಿಂತ ಕಾರುಗಳ ನಡುವೆ, ನೆಲಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ, ಗೇಣೆತ್ತರದ ಸ್ಟೂಲು ಹಾಕಿಕೊಂಡು ಒಬ್ಬ ಹೆಂಗಸು ಕೂತಿದ್ದಾರೆ. ಹಣೆಗೆ ಕಟ್ಟಿದ ಟಾರ್ಚು, ಎಡಗೈಯಲ್ಲಿ ಬಾಟಲಿಯ ಮುಚ್ಚಳದಷ್ಟು ಬಣ್ಣ, ಬಲಗೈಯಲ್ಲಿ ಎಣಿಸಿದರೆ ಏಳೆಂಟು ಕೂದಲೂ ಇರದ ಕುಂಚ. ಎದುರಿಗೆ ಬೆಳ್ಳಿ ಬಣ್ಣದ ಕಾರಿನ ಬಾಗಿಲು. ಅದರ ಮೇಲೆ ಹಿಡಿಯ ಕೆಳಗಿನಿಂದ ಶುರುವಾಗಿ ಗೇಣುದ್ದಕ್ಕೆ ಇಳಿದ ಗೀರು. ಬಣ್ಣ ಹೋಗಿ, ಅದರಡಿಯ ಬೂದು ಪ್ರೈಮರ್ ಹೋಗಿ, ಒಂದು ಕಡೆ ತಗಡೇ ಮಿನುಗುತ್ತಿದೆ.

ಅವರು ಗೆರೆ ಎಳೆಯುವುದಿಲ್ಲ, ಚುಕ್ಕಿ ಇಡುತ್ತಾರೆ. ಒಂದು ಚುಕ್ಕಿ, ಅದಕ್ಕೆ ತಾಗಿಯೂ ತಾಗದಂತೆ ಇನ್ನೊಂದು. ಬೆಳ್ಳಿ ಬಣ್ಣದೊಳಗೆ ಹುಡಿಯಷ್ಟು ಸಣ್ಣ ಲೋಹದ ಚೂರುಗಳಿರುತ್ತವೆ. ಕುಂಚ ಎಳೆದರೆ ಅವೆಲ್ಲ ಒಂದೇ ದಿಕ್ಕಿಗೆ ಮಲಗಿ, ಬಿಸಿಲಿಗೆ ಬಂದ ಕೂಡಲೇ ಗೆರೆ ಕಪ್ಪಾಗಿ ಎದ್ದು ಕಾಣುತ್ತದೆ. ಚುಕ್ಕಿ ಇಟ್ಟರೆ ಚೂರುಗಳು ಸುತ್ತಲಿನವುಗಳ ಹಾಗೆಯೇ ಚೆಲ್ಲಾಪಿಲ್ಲಿಯಾಗಿ ನಿಲ್ಲುತ್ತವೆ. ಈ ಗೇಣುದ್ದಕ್ಕೆ ಮೊದಲ ಪದರ ತುಂಬಲು ಹದಿನೈದು ನಿಮಿಷ ಹಿಡಿಯಿತು. ಇಂಥ ಪದರಗಳು ಇನ್ನೂ ಆರು ಆಗಬೇಕು.

ನಾನೇನೋ ಕೇಳಲು ಬಾಯಿ ತೆರೆದೆ. ಅವರು ತಲೆ ಎತ್ತದೆಯೇ ತಡೆದರು.

“ಈಗ ಮಾತಾಡಿಸ್ಬೇಡಿ ಆಯ್ತಾ. ಉಸಿರು ತಾಗಿದ್ರೂ ಬಣ್ಣ ಅಲುಗ್ತದೆ.”

ಇವರು ಅಕ್ಕು. ವಯಸ್ಸು ನಲವತ್ತನಾಲ್ಕು, ಊರು ಉಡುಪಿಯ ಹತ್ತಿರದ ಮಲ್ಪೆ. ವಾಹನಗಳ ಬಣ್ಣದ ಮೇಲೆ ಬಿದ್ದ ಆಳದ ಗೀರುಗಳನ್ನು, ಮಾಲೀಕರ ಮನೆಗೇ ಹೋಗಿ, ಸ್ಪ್ರೇ ಯಂತ್ರವಿಲ್ಲದೆ ಬರೀ ಕೈಯಿಂದ ಮಾಯಿಸುವುದು ಇವರ ಕಸುಬು. 2013ರಿಂದ ಈಚೆಗೆ, ಈ ಐದು ವರ್ಷಗಳಲ್ಲಿ, ಸರಿಮಾಡಿದ ಗಾಡಿಗಳು ಸಾವಿರದ ಮುನ್ನೂರ ಎಂಬತ್ತೆರಡು. ಆ ಗಾಡಿಗಳ ಮಾಲೀಕರಲ್ಲಿ ಹೆಚ್ಚಿನವರಿಗೆ ಇವರ ಹೆಸರು ಗೊತ್ತಿಲ್ಲ. ಫೋನಿನಲ್ಲಿ ‘ಸ್ಕ್ರ್ಯಾಚ್ ಆಂಟಿ’ ಎಂದು ಬರೆದಿಟ್ಟುಕೊಂಡಿದ್ದಾರೆ. ಕೆಲಸ ಚೆನ್ನಾಗಿ ಆದಷ್ಟೂ ಅದರ ಗುರುತು ಉಳಿಯುವುದಿಲ್ಲವಾದ್ದರಿಂದ, ಇವರನ್ನು ನೆನಪಿಟ್ಟುಕೊಳ್ಳಲು ಯಾರಿಗೂ ಕಾರಣವೂ ಸಿಗುವುದಿಲ್ಲ.

ಪದರ ಒಣಗುವ ಇಪ್ಪತ್ತು ನಿಮಿಷದ ಬಿಡುವಿನಲ್ಲಿ ಅಕ್ಕು ಮಾತಿಗೆ ಸಿಗುತ್ತಾರೆ. ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ನನಗೂ ಕೊಟ್ಟು, ಪಕ್ಕದಲ್ಲಿದ್ದ ಇನ್ನೊಂದು ಕಾರಿನ ಮೇಲೆ ಹೆಬ್ಬೆರಳಿನ ಉಗುರು ಆಡಿಸಿ ತೋರಿಸುತ್ತಾರೆ.

“ನೋಡಿ, ಉಗುರು ಜಾರಿ ಹೋಯ್ತಲ್ಲ? ಇದು ಮೇಲೆ ಮೇಲೆ ಮಾತ್ರ ಆದದ್ದು, ಪಾಲಿಶ್ ಸಾಕು. ಉಗುರು ಸಿಕ್ಕಿ ನಿಂತ್ರೆ ಮಾತ್ರ ನನ್ನ ಕೆಲಸ. ಎಷ್ಟೋ ಜನ ಪಾಲಿಶಿಗೆ ಹೋಗುದಕ್ಕೂ ನನ್ನನ್ನು ಕರೀತಾರೆ. ನಾನು ಬಟ್ಟೆಯಲ್ಲಿ ಉಜ್ಜಿ ಕೊಟ್ಟು ಬರ್ತೇನೆ.”

ಆಳದ ಗೀರಿಗೆ ಮಾತ್ರ ಇವರದೊಂದು ಕ್ರಮವಿದೆ. ಮೊದಲು ತೊಳೆದು, ಮೇಣ ಎಣ್ಣೆ ಏನೂ ಉಳಿಯದಂತೆ ಸ್ಪಿರಿಟಿನಲ್ಲಿ ಒರೆಸುವುದು. ಗೀರಿನ ಎರಡೂ ಬದಿಗೆ ಟೇಪು. ಎದ್ದುನಿಂತ ಅಂಚನ್ನು ನೀರು ಹಾಕಿ ನಯವಾದ ಮರಳು ಕಾಗದದಲ್ಲಿ ಕೂರಿಸುವುದು. ತಗಡು ಕಂಡಲ್ಲಿ ತುಕ್ಕು ತಡೆಯುವ ಪ್ರೈಮರ್. ಆಮೇಲೆ ಬಣ್ಣ, ತೆಳುವಾಗಿ, ಪದರದ ಮೇಲೆ ಪದರ. ಅದರ ಮೇಲೆ ಹೊಳಪಿನ ಪಾರದರ್ಶಕ ಲೇಪ, ಸುತ್ತಲಿನ ಮೈಗಿಂತ ಕೂದಲಷ್ಟು ಎತ್ತರಕ್ಕೆ. ಒಂದು ಇಡೀ ದಿನ ಬಿಟ್ಟು, ಸೋಪಿನ ನೀರಿನಲ್ಲಿ ಅದ್ದಿದ ಕಾಗದದಿಂದ ಆ ಎತ್ತರವನ್ನು ಉಜ್ಜಿ ಸಮ ಮಾಡಿ ಪಾಲಿಶ್ ಹಾಕಿದರೆ ಮುಗಿಯಿತು. ಹಾಗಾಗಿ ದಿನಕ್ಕೆ ಎರಡು ಗಾಡಿ: ಒಂದು ಹೊಸದು, ಒಂದು ನಿನ್ನೆಯದು. ಕೆಲಸಕ್ಕೆ ನಸುಕೇ ಆಗಬೇಕು. ಮೇ ತಿಂಗಳು ಬಂತೆಂದರೆ ಇಲ್ಲಿ ಬೆಳಗಿನ ಎಂಟಕ್ಕೇ ತಗಡು ಕಾದು, ಕುಂಚದಿಂದ ಇಳಿಯುವಷ್ಟರಲ್ಲಿ ಬಣ್ಣ ಒಣಗಿ ಗಂಟಾಗುತ್ತದೆ.

ಗಾಡಿ ಮುಟ್ಟುವ ಮೊದಲು ಅವರು ಕೇಳುವ ಪ್ರಶ್ನೆ ಒಂದೇ. “ಪೊಲೀಸ್ ಕಾಗದ ಉಂಟಾ?” ಎಲ್ಲಿ ಹೇಗೆ ತಾಗಿತು ಎಂದು ಪೊಲೀಸರು ಬರೆದುಕೊಟ್ಟ ಚೀಟಿ ಇಲ್ಲದೆ ಇಲ್ಲಿ ಗಾಡಿ ರಿಪೇರಿ ಮಾಡುವಂತಿಲ್ಲ. ಕಾಗದ ಇಲ್ಲವೆಂದರೆ ಅಕ್ಕು ಪೆಟ್ಟಿಗೆಯನ್ನೇ ತೆರೆಯುವುದಿಲ್ಲ. ಯಾರು ಎಷ್ಟು ಒತ್ತಾಯಿಸಿದರೂ ಅಷ್ಟೇ.

ಅಕ್ಕುವಿಗೆ ಬಣ್ಣ ಹೊಸದಲ್ಲ. ಅಪ್ಪ ಶೀನ ತಿಂಗಳಾಯ ಮಲ್ಪೆ ಬಂದರಿನಲ್ಲಿ ಬೋಟುಗಳಿಗೆ ಹೆಸರು ಬರೆಯುತ್ತಿದ್ದವರು. ಮಳೆಗಾಲದಲ್ಲಿ ಮೀನುಗಾರಿಕೆ ನಿಂತಾಗ ಬೋಟುಗಳೆಲ್ಲ ದಡಕ್ಕೆ ಬರುತ್ತವೆ. ಪೂರ್ತಿ ಬಣ್ಣ ಬಳಿಸುವ ತಾಕತ್ತು ಎಲ್ಲ ಮಾಲೀಕರಿಗೂ ಇರುತ್ತಿರಲಿಲ್ಲ. ಕಲ್ಲಿಗೆ, ಪಕ್ಕದ ಬೋಟಿಗೆ ಉಜ್ಜಿ ಗಾಯವಾದಷ್ಟು ಜಾಗಕ್ಕೆ ಮಾತ್ರ ಬಣ್ಣ ಹಾಕಿಕೊಡಿ ಎನ್ನುತ್ತಿದ್ದರು. ಅದು ಹೊಸ ಬಣ್ಣ ಬಳಿಯುವುದಕ್ಕಿಂತ ಕಷ್ಟದ ಕೆಲಸ. ಒಂದೇ ಡಬ್ಬಿಯ ನೀಲಿ, ಬಿಸಿಲು ಬೀಳುವ ಮೇಲ್ಭಾಗದಲ್ಲಿ ಒಂದು ತೆರ, ನೀರು ತಾಗುವ ಕೆಳಭಾಗದಲ್ಲಿ ಇನ್ನೊಂದು ತೆರ ಆಗಿರುತ್ತಿತ್ತು. ಹತ್ತನೇ ಕ್ಲಾಸಿನ ರಜೆಯಿಂದ ಮದುವೆಯಾಗುವವರೆಗೆ ಹತ್ತು ಮಳೆಗಾಲ ಅಪ್ಪನಿಗೆ ಬಣ್ಣ ಕಲಸಿಕೊಟ್ಟವರು ಅಕ್ಕು.

“ಡಬ್ಬಿಯ ಹೆಸರು ಓದ್ಬೇಡ, ಬೋಟು ನೋಡು ಅಂತ ಬೈತಿದ್ರು. ಕಲಸಿದ ಬಣ್ಣ ಬೆರಳಿಗೆ ಹಚ್ಚಿ, ಬೆರಳು ಬೋಟಿಗೆ ಇಟ್ಟು ನೋಡುದು. ಬೆರಳು ಕಂಡ್ರೆ ಪುನಃ ಕಲಸ್ಬೇಕು. ಸಾಕಾಗಿ ಹೋಗ್ತಿತ್ತು ನಂಗೆ. ಇದೇ ಮುಂದೆ ಅನ್ನ ಆಗ್ತದೆ ಅಂತ ಯಾರಿಗೆ ಗೊತ್ತಿತ್ತು!”

ಮದುವೆಯಾದದ್ದು ದುಬೈಯಲ್ಲಿ ವಾಹನಗಳ ಬಣ್ಣ ಮಾರುವ ಅಂಗಡಿಯೊಂದರ ಸ್ಟೋರ್ ಕೀಪರ್ ಮೋಹನದಾಸ್ ಅವರನ್ನು. ಫ್ಯಾಮಿಲಿ ವೀಸಾ ಕೈಸೇರಿ, ನಾಲ್ಕು ವರ್ಷದ ಮಗಳು ಅಶ್ಮಿತಾಳನ್ನು ಕಟ್ಟಿಕೊಂಡು ಅಕ್ಕು ಇಲ್ಲಿಗೆ ಬಂದದ್ದು 2006ರಲ್ಲಿ. ಮುಂದಿನ ಆರು ವರ್ಷ ಅಲ್ ನಹ್ದಾದ ಒಂದು ಬೆಡ್‌ರೂಮಿನ ಫ್ಲ್ಯಾಟು, ಅಡುಗೆ, ಮಗಳ ಶಾಲೆಯ ಬಸ್ಸು. “ಬೋರಾಗಿ ಗೋಡೆಗೆ ಎರಡು ಸಲ ಪೇಂಟ್ ಹೊಡ್ದೆ” ಎಂದು ನಗುತ್ತಾರೆ.

2012ರ ಒಂದು ಸಂಜೆ ಆದದ್ದು ಇಷ್ಟು. ಸೂಪರ್ ಮಾರ್ಕೆಟ್ಟಿನ ಟ್ರಾಲಿಯಲ್ಲಿ ನೀರಿನ ಕ್ಯಾನುಗಳನ್ನು ಪಾರ್ಕಿಂಗಿನ ಇಳಿಜಾರಿನಲ್ಲಿ ತರುತ್ತಿದ್ದಾಗ ಕೈ ಜಾರಿತು. ಟ್ರಾಲಿ ಹೋಗಿ ಕಡುನೀಲಿ ಬಣ್ಣದ ಕಾರೊಂದರ ಹಿಂಬಾಗಿಲಿಗೆ ಉಜ್ಜಿ ನಿಂತಿತು. ನೋಡಿದವರು ಯಾರೂ ಇರಲಿಲ್ಲ. ಕಾರು ಐದನೇ ಮಹಡಿಯ ಭವ್ಯಶ್ರೀ ಅವರದು, ಮೈಸೂರಿನವರು, ಐ.ಟಿ. ಕಂಪನಿಯಲ್ಲಿ ಕೆಲಸ. ಕಾರು ಕೊಂಡು ಮೂರು ವಾರವಾಗಿತ್ತು.

ಅಕ್ಕು ನೀರಿನ ಕ್ಯಾನುಗಳನ್ನು ಅಲ್ಲೇ ಬಿಟ್ಟು ಐದನೇ ಮಹಡಿಗೆ ಹೋಗಿ ಬೆಲ್ ಒತ್ತಿದರು.

ಭವ್ಯಶ್ರೀ ಆ ದಿನವನ್ನು ಮರೆತಿಲ್ಲ. “ಬಾಗಿಲು ತೆಗೆದ್ರೆ ಇವ್ರು ಅಳ್ತಾ ನಿಂತಿದ್ರು. ಪರಿಚಯಾನೇ ಇರ್ಲಿಲ್ಲ. ‘ನಿಮ್ಮ ಕಾರಿಗೆ ನಾನೇ ತಾಗಿಸಿದ್ದು’ ಅಂದ್ರು. ಕೆಳಗೆ ಹೋಗಿ ನೋಡಿ ನಂಗೂ ಅಳು ಬಂತು, ಸುಳ್ಳ್ಯಾಕೆ ಹೇಳ್ಲಿ. ಬೈಬೇಕು ಅಂತ್ಲೇ ಇದ್ದೆ. ಅಷ್ಟ್ರಲ್ಲಿ ಇವ್ರು, ‘ಪೊಲೀಸ್ ಕಾಗದ ಮಾಡ್ಸಿ, ನಾನೂ ಬರ್ತೇನೆ. ಆಮೇಲೆ ಗ್ಯಾರೇಜಿಗೆ ಕೊಡುವ ಮೊದಲು ನಂಗೆ ಎರಡು ಶುಕ್ರವಾರ ಕೊಡಿ’ ಅಂದ್ರು. ಹೇಗೆ ಒಪ್ಪಿದೆ ಅಂತ ಈಗ್ಲೂ ಗೊತ್ತಿಲ್ಲ.”

ಮೋಹನದಾಸ್ ಅಂಗಡಿಯಿಂದ ಆ ಕಾರಿನ ಬಣ್ಣದ ಕೋಡ್ ನಂಬರು ನೋಡಿ, ಅದೇ ಬಣ್ಣವನ್ನು ಸಣ್ಣ ಸೀಸೆಯಲ್ಲಿ ತಂದರು. ಅಶ್ಮಿತಾಳ ಚಿತ್ರಕಲೆಯ ಕುಂಚವೊಂದನ್ನು ಅಕ್ಕು ಬ್ಲೇಡಿನಲ್ಲಿ ಕತ್ತರಿಸಿ ಸಪೂರ ಮಾಡಿಕೊಂಡರು. ಎರಡು ಶುಕ್ರವಾರ ಕಳೆದಾಗ ಮಾರು ದೂರದಿಂದ ಗೀರು ಕಾಣುತ್ತಿರಲಿಲ್ಲ. ಬಗ್ಗಿ ನೋಡಿದರೆ ಸ್ವಲ್ಪ ಉಬ್ಬು ಉಳಿದಿತ್ತು. ಭವ್ಯಶ್ರೀಗೆ ಅಷ್ಟೇ ಸಂತೋಷ. ಅಕ್ಕುವಿಗೆ ಸಮಾಧಾನವಿಲ್ಲ. “ಇನ್ನೊಮ್ಮೆ ಮಾಡ್ತೇನೆ ಅಂತ ಆರು ವರ್ಷದಿಂದ ಕೇಳ್ತಾ ಇದ್ದೇನೆ. ಕಾರು ಕೊಡುದೇ ಇಲ್ಲ ಅವ್ರು.”

ಸುದ್ದಿ ಲಿಫ್ಟಿನಲ್ಲಿ ಹತ್ತಿ ಇಳಿಯಿತು. ಮೇಲಿನ ಮಹಡಿಯವರು ಬಂದರು, ಪಕ್ಕದ ಕಟ್ಟಡದವರೂ ಬಂದರು. ನಾಲ್ಕೇ ತಿಂಗಳಲ್ಲಿ ಹದಿನಾಲ್ಕು ಕಾರು, ಎಲ್ಲವೂ ಬರೀ ಸ್ನೇಹಕ್ಕೆ. ಹದಿನೈದನೆಯದಕ್ಕೆ ಟೇಪು ಅಂಟಿಸುತ್ತಿದ್ದಾಗ ಕಟ್ಟಡ ನೋಡಿಕೊಳ್ಳುವವರು ಬಂದು ನಿಂತರು. ಲೈಸೆನ್ಸ್ ಇದೆಯೇ? ಪರವಾನಗಿ ಇಲ್ಲದೆ ಪಾರ್ಕಿಂಗಿನಲ್ಲಿ ಇಂಥ ಕೆಲಸ ಮಾಡಬಾರದು ಎಂಬುದು ಅಕ್ಕುವಿಗೆ ಗೊತ್ತೇ ಇರಲಿಲ್ಲ. ಇನ್ನೊಮ್ಮೆ ಕಂಡರೆ ಮೇಲಿನವರಿಗೆ ತಿಳಿಸುವುದಾಗಿ ಎಚ್ಚರಿಕೆಯ ಪತ್ರ ಬಂತು. ವೀಸಾಕ್ಕೆ ತೊಂದರೆಯಾದರೆ ಮೂವರೂ ಗಂಟುಮೂಟೆ ಕಟ್ಟಬೇಕು. ಅಕ್ಕು ಆ ದಿನವೇ ಕುಂಚಗಳನ್ನು ಕಟ್ಟಿ ಕಪಾಟಿನ ಮೇಲಿಟ್ಟರು. ಎಂಟು ತಿಂಗಳು ಅವು ಕೆಳಗಿಳಿಯಲಿಲ್ಲ.

“ಆ ಎಂಟು ತಿಂಗಳು ಪಾರ್ಕಿಂಗಿಗೆ ಹೋಗ್ಲಿಕ್ಕೇ ಆಗ್ತಿರ್ಲಿಲ್ಲ ನಂಗೆ. ಎಲ್ಲಿ ನೋಡಿದ್ರೂ ಗೀರೇ ಕಾಣುದು. ಕೈ ತುರಿಸ್ತದೆ, ಮುಟ್ಟುವ ಹಾಗಿಲ್ಲ.”

ದಾರಿ ಹುಡುಕಿದವರು ಮೋಹನದಾಸ್. ಅವರ ಅಂಗಡಿಯಿಂದ ಬಣ್ಣ ಒಯ್ಯುತ್ತಿದ್ದ ಗೇಬ್ರಿಯಲ್ ಎಂಬವರದು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಸಣ್ಣ ವರ್ಕ್‌ಶಾಪು. ಮಂಗಳೂರು ಕಡೆಯ ಕ್ರೈಸ್ತರು. ಗಿರಾಕಿಗಳ ಮನೆಗೇ ಹೋಗಿ ರಿಪೇರಿ ಮಾಡುವ ಪರವಾನಗಿಯನ್ನು ಅವರು ಆಗಷ್ಟೇ ಪಡೆದಿದ್ದರು. ಅದಕ್ಕೆ ಜನ ಬೇಕಿತ್ತು, ಹೆಂಗಸು ಬೇಕಿರಲಿಲ್ಲ. ಮೋಹನದಾಸ್ ಮಾತು ತೆಗೆದುಹಾಕಲಾಗದೆ ಒಂದು ಪರೀಕ್ಷೆ ಇಟ್ಟರು. ಹಳೆಯ ಕಾರಿನ ಬೆಳ್ಳಿ ಬಣ್ಣದ ಬಾಗಿಲೊಂದನ್ನು ಮೇಜಿನ ಮೇಲೆ ಮಲಗಿಸಿ, ಸ್ಕ್ರೂಡ್ರೈವರಿನಿಂದ ತಾವೇ ಉದ್ದಕ್ಕೆ ಗೀರಿದರು. ಇಪ್ಪತ್ತು ವರ್ಷ ಸ್ಪ್ರೇ ಹೊಡೆದ ಉಳ್ಳಾಲದ ಮುಹಿಯುದ್ದೀನ್, ಉಳಿದ ಪೇಂಟರುಗಳು, ಎಲ್ಲರೂ ಕೆಲಸ ಬಿಟ್ಟು ಸುತ್ತ ನಿಂತರು.

ಅಕ್ಕು ಬಾಗಿಲನ್ನು ಬೆಳಕಿಗೆ ಓರೆ ಮಾಡಿ ನೋಡಿದರು. ಹತ್ತು ನಿಮಿಷ ನೋಡಿ, “ಇದು ನನ್ನಿಂದ ಆಗುದಿಲ್ಲ” ಎಂದರು.

ಯಾರೋ ನಕ್ಕರು. ಅಕ್ಕು ಮುಂದುವರಿಸಿದರು. “ಬೆಳ್ಳಿ ಬಣ್ಣಕ್ಕೆ ಕುಂಚ ಹಾಕಿದ್ರೆ ಗೆರೆ ಕಾಣ್ತದೆ. ಅದು ಹೇಗೆ ಅಂತ ನಾನಿನ್ನೂ ಕಲೀಲಿಲ್ಲ. ಬೇರೆ ಯಾವ ಬಣ್ಣ ಬೇಕಾದ್ರೂ ಕೊಡಿ.”

ಗೇಬ್ರಿಯಲ್ ಈಗ ಆ ಕ್ಷಣವನ್ನು ಹೀಗೆ ಹೇಳುತ್ತಾರೆ: “ನನ್ನಲ್ಲಿ ಹನ್ನೊಂದು ಜನ ಇದ್ರು. ಆಗುದಿಲ್ಲ ಅಂತ ಹೇಳಿದವ ಒಬ್ಬನೂ ಇಲ್ಲ. ಎಲ್ಲ ಆಗ್ತದೆ ಅಂತ ಹೇಳುದು, ಮತ್ತೆ ಹಾಳು ಮಾಡುದು. ಇವ್ರ ಬಾಯಲ್ಲಿ ಅದು ಕೇಳಿದ ಮೇಲೆ ನಂಗೆ ಪರೀಕ್ಷೆಯೇ ಬೇಡ ಅಂತ ಅನ್ನಿಸಿತು.”

ಆದರೂ ಕೆಂಪು ಬಣ್ಣದ ಒಂದು ಬಾನೆಟ್ ಕೊಟ್ಟರು. ಎರಡು ದಿನದ ಮೇಲೆ ಮುಹಿಯುದ್ದೀನ್ ಅದರ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿದರು. ಬೆರಳು ಎಲ್ಲೂ ತಡೆಯಲಿಲ್ಲ. ಅವರು ಹೋಗಿ ಕ್ಯಾಂಟೀನಿನಿಂದ ಅಕ್ಕುವಿಗೆ ಒಂದು ಚಹಾ ತಂದುಕೊಟ್ಟರು. ಗಂಡನ ಒಪ್ಪಿಗೆಯ ಎನ್‌ಒಸಿ ಪತ್ರ ಪಡೆದು, ಇಲ್ಲಿ ದುಡಿಯಲು ಬೇಕಾದ ಲೇಬರ್ ಕಾರ್ಡ್ ಮಾಡಿಸಿದರು ಗೇಬ್ರಿಯಲ್. ಕಾರ್ಡಿನಲ್ಲಿ ಹುದ್ದೆ ‘ಕ್ಲೀನರ್’ ಎಂದಿತ್ತು. ಹೆಂಗಸನ್ನು ಪೇಂಟರ್ ಎಂದು ಹಾಕಿಸಿದರೆ ಅರ್ಜಿ ಹಿಂದೆ ಬಂದೀತು ಎಂಬ ಹೆದರಿಕೆ ಅವರಿಗೆ.

ಬೆಳ್ಳಿ ಬಣ್ಣ ಒಲಿಯಲು ಅಕ್ಕುವಿಗೆ ಎರಡು ವರ್ಷ ಬೇಕಾಯಿತು. ವರ್ಕ್‌ಶಾಪಿನ ಮೂಲೆಯಲ್ಲಿ ಬಿದ್ದಿದ್ದ ಅದೇ ಬಾಗಿಲನ್ನು ಇಟ್ಟುಕೊಂಡು, ಕೆಲಸ ಮುಗಿದ ಮೇಲೆ ದಿನಾ ಒಂದು ಇಂಚು. ಎಳೆದು ನೋಡಿದರು, ಒತ್ತಿ ನೋಡಿದರು, ಹತ್ತಿಯಲ್ಲಿ ತಟ್ಟಿ ನೋಡಿದರು. ಕೊನೆಗೆ ಸಿಕ್ಕಿದ್ದು ಚುಕ್ಕಿಯ ದಾರಿ.

ಅಕ್ಕು ಅವರ ದೊಡ್ಡ ಕೆಲಸ ಬಂದದ್ದು ಅಬುಧಾಬಿಯಿಂದ, 2015ರ ಡಿಸೆಂಬರಿನಲ್ಲಿ.

ಖಲ್ಫಾನ್ ಅಲ್ಲಿನವರೇ, ಅರುವತ್ತರ ಹತ್ತಿರದ ಅರಬರು. ಅವರ ತಂದೆ ಅಲ್ ಮೀನಾದ ಮೀನು ಮಾರುಕಟ್ಟೆಯಲ್ಲಿ ಬಲೆ, ಹಗ್ಗ ಮಾರುತ್ತಿದ್ದವರು. ತಂದೆ 1979ರಲ್ಲಿ ಕೊಂಡ ಮರಳು ಬಣ್ಣದ ಪಿಕಪ್ ಗಾಡಿಯನ್ನು ಮಗ ಹಾಗೆಯೇ ಉಳಿಸಿಕೊಂಡಿದ್ದರು. ಫ್ಯಾಕ್ಟರಿಯಿಂದ ಬಂದ ಮೇಲೆ ಅದಕ್ಕೆ ಒಂದು ಹನಿ ಹೊಸ ಬಣ್ಣ ಬಿದ್ದಿರಲಿಲ್ಲ. ತಂದೆ ತೀರಿಕೊಂಡ ಮೇಲೆ ಅದನ್ನು, ಮೂಲ ಬಣ್ಣದಲ್ಲೇ ಉಳಿದ ಹಳೆಯ ವಾಹನಗಳ ಸ್ಪರ್ಧೆಯಲ್ಲಿ ನಿಲ್ಲಿಸಬೇಕು ಎಂಬುದು ಅವರ ಆಸೆ. ಸ್ಪರ್ಧೆಗೆ ಎರಡು ತಿಂಗಳಿರುವಾಗ, ತಂದೆಯ ಹಳೆಯ ಗೆಳೆಯರಿಗೆ ತೋರಿಸಲೆಂದು ಗಾಡಿಯನ್ನು ಅಲ್ ಮೀನಾಕ್ಕೆ ಓಡಿಸಿಕೊಂಡು ಹೋದರು. ಮೀನಿನ ಪೆಟ್ಟಿಗೆ ಹೇರಿದ ಕೈಗಾಡಿಯೊಂದು ಉರುಳಿ ಬಂದು, ಅದರ ಕಬ್ಬಿಣದ ಮೂಲೆ ಎಡಬದಿಗೆ ಉದ್ದಕ್ಕೂ ಗೀರಿಕೊಂಡು ಹೋಯಿತು. ನಾಲ್ಕಡಿ, ತಗಡಿನವರೆಗೆ.

ಮೂರು ಗ್ಯಾರೇಜುಗಳು ಒಂದೇ ಮಾತು ಹೇಳಿದ್ದವು: ಆ ಬದಿ ಪೂರ್ತಿ ಹೊಸ ಬಣ್ಣ ಹೊಡೆಯಬೇಕು. ಕಂಪ್ಯೂಟರು ಹೇಳುವ ಬಣ್ಣ 1979ರದು. ಗಾಡಿಯ ಈಗಿನ ಬಣ್ಣ ಮೂವತ್ತಾರು ವರ್ಷ ಬಿಸಿಲು ಕುಡಿದದ್ದು. ಅವೆರಡೂ ಕೂಡುವುದಿಲ್ಲ.

ಯಾರಿಂದಲೋ ಕೇಳಿ ಖಲ್ಫಾನ್ ವರ್ಕ್‌ಶಾಪಿಗೆ ಫೋನ್ ಮಾಡಿದಾಗ ಗೇಬ್ರಿಯಲ್ ಹಿಂಜರಿದರು.

“ಅಕ್ಕಾ, ಇದು ನಮಗೆ ಬೇಡ. ಹೊಸ ಕಾರಾದ್ರೆ, ಹಾಳಾದ್ರೂ ಪೂರ್ತಿ ಪೇಂಟ್ ಹೊಡ್ದು ಕೊಡುವ. ಇದಕ್ಕೆ ಎರಡನೇ ಚಾನ್ಸ್ ಇಲ್ಲ. ತಂದೆಯ ನೆನಪಿನ ಗಾಡಿ ಹಾಳು ಮಾಡಿದ್ರು ಅಂತ ಆದ್ರೆ ಈ ಊರಲ್ಲಿ ಮತ್ತೆ ನಮ್ಮನ್ನು ಯಾರು ಕರೀತಾರೆ?”

“ಒಮ್ಮೆ ನೋಡಿ ಬರ್ತೇನೆ ಪೊರ್ಬುಗಳೇ” ಎಂದರು ಅಕ್ಕು. ಕರಾವಳಿಯಲ್ಲಿ ಕ್ರೈಸ್ತ ಹಿರಿಯರನ್ನು ಕರೆಯುವುದೇ ಹಾಗೆ. “ಆಗುದಿಲ್ಲ ಅಂತ ಹೇಳುವ ಬಾಯಿ ನಂಗೆ ಉಂಟಲ್ಲ.”

ಅಬುಧಾಬಿಯಲ್ಲಿ ನರ್ಸ್ ಆಗಿರುವ ಗೇಬ್ರಿಯಲ್ ಅವರ ತಂಗಿ ಫೆಲ್ಸಿಯ ಮನೆಯಲ್ಲಿ ಉಳಿದುಕೊಳ್ಳುವ ಏರ್ಪಾಡಾಯಿತು. ಮೊದಲ ದಿನ ಅಕ್ಕು ಗಾಡಿಯನ್ನು ಮುಟ್ಟಲೇ ಇಲ್ಲ. ಖಲ್ಫಾನ್ ಮನೆಯ ಹಿಂದಿನ ಶೆಡ್ಡಿನಲ್ಲಿ ಸ್ಟೂಲು ಹಾಕಿ, ಬೆಳಗಿನ ಬೆಳಕಿನಲ್ಲಿ ನೋಡಿದರು, ಮಧ್ಯಾಹ್ನ ನೋಡಿದರು, ಸಂಜೆಗೆ ನೋಡಿದರು. ಖಲ್ಫಾನ್ ಮೂರು ಸಲ ಬಂದು ಇಣುಕಿದರು. ನಾಲ್ಕನೇ ಸಲಕ್ಕೆ, ಗಲ್ಫಿನಲ್ಲಿ ಎಲ್ಲರೂ ಆಡುವ ಮುರುಕು ಹಿಂದಿಯಲ್ಲಿ, ಕೆಲಸ ಯಾವಾಗ ಶುರು ಎಂದು ಕೇಳಿದರು.

“ಶುರುವಾಗಿದೆ ಅರ್ಬಾಬ್” ಎಂದು, ಇಲ್ಲಿ ಯಜಮಾನರನ್ನು ಕರೆಯುವ ಹಾಗೆ ಕರೆದು, ಅಕ್ಕು ಅದೇ ಹಿಂದಿಯಲ್ಲಿ ಉತ್ತರಿಸಿ, ಗೀರಿನ ಉದ್ದಕ್ಕೂ ಬೆರಳು ತೋರಿಸಿದರು. ಮುಂದಿನ ಚಕ್ರದ ಮೇಲೆ ಬಿಸಿಲು ಹೆಚ್ಚು ಬಿದ್ದು ಬಣ್ಣ ಬೆಳ್ಳಗಾಗಿದೆ. ಬಾಗಿಲ ಹಿಡಿಯ ಕೆಳಗೆ ನೆರಳಿದ್ದುದರಿಂದ ಹಳದಿ ಉಳಿದಿದೆ. ಕಿಟಕಿಯ ಕೆಳಗೆ, ತಂದೆ ಕೈಯಿಟ್ಟುಕೊಂಡು ಓಡಿಸುತ್ತಿದ್ದಲ್ಲಿ, ಬಣ್ಣ ಸವೆದು ನುಣುಪಾಗಿದೆ. ಇದು ಒಂದು ಬಣ್ಣವಲ್ಲ, ಹನ್ನೊಂದು.

ಖಲ್ಫಾನ್ ಬಗ್ಗಿ ಆ ಕಿಟಕಿಯ ಕೆಳಗಿನ ಜಾಗವನ್ನು ನೋಡಿದರು. ಆಮೇಲೆ “ಖಲಾಸ್, ನೀವೇ ಮಾಡಿ” ಎಂದು ಮಾತು ಮುಗಿಸಿ ಒಳಗೆ ಹೋದರು.

ಹನ್ನೊಂದು ಮುಚ್ಚಳಗಳಲ್ಲಿ ಹನ್ನೊಂದು ಬಣ್ಣ ಕಲಸಿ, ಗೀರಿನ ಉದ್ದಕ್ಕೂ ಟೇಪು ಅಂಟಿಸಿ ನಂಬರು ಹಾಕಿಕೊಂಡರು ಅಕ್ಕು. ಒಂದರಿಂದ ಇನ್ನೊಂದಕ್ಕೆ ಹೋಗುವಲ್ಲಿ ಎರಡನ್ನೂ ಬೆರೆಸಬೇಕು. ನಾಲ್ಕನೇ ದಿನ ಸಂಜೆಗೆ ಬಣ್ಣ ಮುಗಿದು ಹೊಳಪಿನ ಲೇಪ ಬಿತ್ತು. ಐದನೇ ದಿನ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆದರೆ ಹೊರಗೆಲ್ಲ ಮಂಜು, ಎದುರಿನ ಗೋಡೆ ಕಾಣದಷ್ಟು. ಟಾರ್ಚು ಹಾಕಿ ನೋಡಿದರು. ನಾಲ್ಕಡಿ ಉದ್ದಕ್ಕೂ ಲೇಪ ಹಾಲಿನ ಹಾಗೆ ಬೆಳ್ಳಗೆ ತಿರುಗಿತ್ತು. ತೇವ ಒಳಗೆ ಸಿಕ್ಕಿಹಾಕಿಕೊಂಡಿತ್ತು.

“ಅಲ್ಲೇ ಕೂತೆ. ನಮ್ಮ ಮನೆಯವ್ರಿಗೆ ಫೋನ್ ಮಾಡಿದೆ. ‘ಮಂಜು ಇಳಿದ ಬೋಟಿಗೆ ನಿನ್ನ ಅಪ್ಪ ಎಂತ ಮಾಡ್ತಿದ್ರು?’ ಅಂತ ಕೇಳಿದ್ರು ಇವ್ರು. ಎಂತ ಮಾಡುದು, ಉಜ್ಜಿ ತೆಗೆದು ಪುನಃ ಹಾಕ್ತಿದ್ರು. ‘ಹಾಗಾದ್ರೆ ಹಾಗೇ ಮಾಡು’ ಅಂದ್ರು. ಫೋನ್ ಇಟ್ಟು ಅರ್ಬಾಬರ ಹತ್ರ ಹೋದೆ. ಮುಚ್ಚಿಡ್ಲಿಕ್ಕೆ ಆಗ್ತದಾ ಅಂಥದ್ದು?”

ಖಲ್ಫಾನ್ ಬಂದು ನೋಡಿದರು. ಅಕ್ಕು ತಲೆ ತಗ್ಗಿಸಿ, ಮೇಲಿನ ಲೇಪವನ್ನಷ್ಟೇ ತೆಗೆದು ಮತ್ತೆ ಹಾಕಬೇಕು, ಅಡಿಯ ಹಳೆಯ ಬಣ್ಣಕ್ಕೆ ಏನೂ ಆಗಿಲ್ಲ, ಆದರೆ ಇಂಥದೇ ಮಂಜು ಮತ್ತೆ ಬಿದ್ದರೆ ಇದೇ ಗತಿ ಎಂದರು. ಖಲ್ಫಾನ್ ತಿರುಗಿ ಹೊರಗೆ ನಡೆದರು. ಕೆಲಸ ಹೋಯಿತು ಎಂದುಕೊಂಡರು ಅಕ್ಕು. ಅರ್ಧ ಗಂಟೆಯಲ್ಲಿ ಖಲ್ಫಾನ್ ಇಬ್ಬರು ಅಳಿಯಂದಿರೊಂದಿಗೆ ವಾಪಸಾದರು. ಚಳಿಗಾಲದಲ್ಲಿ ಮರುಭೂಮಿಗೆ ಒಯ್ಯುವ ದೊಡ್ಡ ಡೇರೆಯನ್ನು ಹೊತ್ತು ತಂದು, ಶೆಡ್ಡಿನೊಳಗೆ ಗಾಡಿಯ ಸುತ್ತ ಕಟ್ಟಿದರು. ಮನೆಯೊಳಗಿನ ಎರಡು ಹೀಟರುಗಳನ್ನು ತಂದು ಡೇರೆಯೊಳಗೆ ಇಟ್ಟರು.

“ಮಾಫಿ ಮುಷ್ಕಿಲ್, ಏನೂ ತೊಂದರೆಯಿಲ್ಲ. ನನ್ನ ತಂದೆಗೂ ಮಂಜು ಅಂದರೆ ಆಗುತ್ತಿರಲಿಲ್ಲ” ಎಂದರಂತೆ.

ಹಾಲಿನಂತಾದ ಲೇಪವನ್ನು ರಬ್ಬರಿನಷ್ಟು ಅಗಲದ ಕಾಗದದ ತುಂಡಿನಲ್ಲಿ ಉಜ್ಜಿ ತೆಗೆಯಲು ಎರಡು ದಿನ. ಮತ್ತೆ ಹಾಕಲು ಒಂದು. ಒಣಗಿಸಿ, ಸಮ ಮಾಡಿ, ಹೊಳಪನ್ನು ಸುತ್ತಲಿನ ಹಳೆಯ ಮಂಕಿಗೆ ತಕ್ಕಷ್ಟೇ ತಗ್ಗಿಸಲು ಇನ್ನೆರಡು. ಹತ್ತನೇ ದಿನ ಮಧ್ಯಾಹ್ನ ಡೇರೆ ಬಿಚ್ಚಿ ಗಾಡಿಯನ್ನು ಬಿಸಿಲಿಗೆ ತಂದಾಗ ಖಲ್ಫಾನ್ ಎಡಬದಿಗೆ ಬಂದು ನಿಂತರು. ಚಾಲಕನ ಜಾಗದಲ್ಲಿ ಕೂತು, ಕಿಟಕಿಯ ಗಾಜು ಇಳಿಸಿ, ತಂದೆ ಕೈಯಿಡುತ್ತಿದ್ದಲ್ಲಿ ತಮ್ಮ ಕೈ ಇಟ್ಟರು.

ಸ್ಪರ್ಧೆ ನಡೆದದ್ದು 2016ರ ಫೆಬ್ರವರಿಯಲ್ಲಿ. ರಿಪೇರಿ ಆಗಿದ್ದರೆ ಬಚ್ಚಿಡಬಾರದು, ಫಾರಂನಲ್ಲಿ ಬರೆಯಬೇಕು ಎಂಬುದು ನಿಯಮ. ಸಣ್ಣ ರಿಪೇರಿಗೆ ಅಡ್ಡಿಯಿಲ್ಲ, ಆದರೆ ಅದು ಕಣ್ಣಿಗೆ ಹೊಡೆದಷ್ಟೂ ಅಂಕ ಹೋಗುತ್ತದೆ. ‘ಎಡಬದಿಯಲ್ಲಿ ನಾಲ್ಕಡಿ ಗೀರು, ಕೈಯಿಂದ ಸರಿಪಡಿಸಿದ್ದು’ ಎಂದು ಖಲ್ಫಾನ್ ಬರೆದುಕೊಟ್ಟಿದ್ದರು. ಅಕ್ಕು, ಮೋಹನದಾಸ್, ಅಶ್ಮಿತಾ ಮೂವರನ್ನೂ ಅವರೇ ಕಾರು ಕಳಿಸಿ ಕರೆಸಿಕೊಂಡಿದ್ದರು. ಗೇಬ್ರಿಯಲ್ ಮತ್ತು ಮುಹಿಯುದ್ದೀನ್ ವರ್ಕ್‌ಶಾಪಿಗೆ ರಜೆ ಹಾಕಿ ತಾವಾಗಿಯೇ ಬಂದರು.

ತೀರ್ಪುಗಾರರಲ್ಲಿ ಹಿರಿಯರೊಬ್ಬರು ಜರ್ಮನಿಯವರು. ಫಾರಂ ಓದಿ, ಕನ್ನಡಕ ಏರಿಸಿ, ಎಡಬದಿಗೆ ಬಂದರು. ಮುಂದಿನಿಂದ ಹಿಂದಕ್ಕೆ ನಡೆದರು. ಹಿಂದಿನಿಂದ ಮುಂದಕ್ಕೆ ಬಂದರು. ಮೊಣಕಾಲೂರಿ ಕೂತು ಬೆಳಕಿಗೆ ಓರೆಯಾಗಿ ಕಣ್ಣು ಹಾಯಿಸಿದರು. ತಪ್ಪಿ ಎಡ ಎಂದು ಬರೆದಿರಬಹುದೆಂದು ಬಲಬದಿಗೂ ಹೋಗಿ ಬಂದರು. ಕೊನೆಗೆ ಜೇಬಿನಿಂದ ಬಣ್ಣದ ದಪ್ಪ ಅಳೆಯುವ ಸಣ್ಣ ಯಂತ್ರ ತೆಗೆದವರು, ಏನನ್ನಿಸಿತೋ, ಅದನ್ನು ಹಾಗೆಯೇ ಒಳಗಿಟ್ಟು, ಇದನ್ನು ಮಾಡಿದವರು ಯಾರು, ಅವರೇ ತೋರಿಸಲಿ ಎಂದರು.

ಖಲ್ಫಾನ್ ಹಿಂದೆ ತಿರುಗಿ ಕೈಬೀಸಿ ಕರೆದರು. “ಯಲ್ಲಾ, ಅಕ್ಕು!”

ಹಸಿರು ಸೀರೆ ಉಟ್ಟಿದ್ದ ಅಕ್ಕು ಮುಂದೆ ಬಂದು, ಇಲ್ಲಿಂದ ಇಲ್ಲಿಗೆ ಎಂದು ಬೆರಳಿನಲ್ಲಿ ಗೆರೆ ಎಳೆದು ತೋರಿಸಿದರು. ಆ ಹಿರಿಯರು ಅವರ ಬೆರಳು ಹೋದ ದಾರಿಯಲ್ಲೇ ಯಂತ್ರ ಹಿಡಿದರು. ಯಂತ್ರದ ಅಂಕಿಗಳು ಏರಿದವು. ಯಂತ್ರಕ್ಕೆ ಗೊತ್ತಾಯಿತು, ಕಣ್ಣಿಗೆ ಆಗಲಿಲ್ಲ. ಅವರು ಎದ್ದು ನಿಂತು ಟೋಪಿ ತೆಗೆದರು. ಅಕ್ಕುವಿನ ಎರಡೂ ಕೈ ಹಿಡಿದು ಅತ್ತ ಇತ್ತ ತಿರುಗಿಸಿ ನೋಡಿ, ಗಟ್ಟಿಯಾಗಿ ಚಪ್ಪಾಳೆ ತಟ್ಟತೊಡಗಿದರು. ಸುತ್ತ ನಿಂತಿದ್ದವರೆಲ್ಲ ತಟ್ಟಿದರು. ಮುಹಿಯುದ್ದೀನ್ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಿದರಂತೆ.

ಆ ವಿಭಾಗದ ಮೊದಲ ಬಹುಮಾನ ಖಲ್ಫಾನ್ ಗಾಡಿಗೇ ಬಂತು. ವೇದಿಕೆಗೆ ಕರೆದಾಗ ಅವರು ಅಕ್ಕುವನ್ನೂ ಹತ್ತಿಸಿದರು. ಮೈಕಿನಲ್ಲಿ ಅರಬ್ಬಿಯಲ್ಲಿ ಏನೋ ಹೇಳಿ, ನಿಲ್ಲಿಸಿ, ಎಲ್ಲರಿಗೂ ತಿಳಿಯಲೆಂದು ಹಿಂದಿಯಲ್ಲೂ ಹೇಳಿದರು: ಗಾಡಿ ನನ್ನ ತಂದೆಯದು, ಕೈ ಈ ಹೆಂಗಸಿನದು, ಇವರ ಹೆಸರು ಅಕ್ಕು. ಕೆಳಗೆ ನಿಂತಿದ್ದ ಮೋಹನದಾಸ್ ತುಳುವಿನಲ್ಲಿ “ಪೊರ್ಲು ಆತ್ಂಡ್” ಎಂದರು. ಚೆಂದವಾಗಿದೆ ಎಂದಷ್ಟೇ ಅರ್ಥ. ಹೆಂಡತಿಯ ಕೆಲಸವನ್ನು ಅವರು ಬಾಯ್ಬಿಟ್ಟು ಹೊಗಳಿದ್ದು ಅದೇ ಮೊದಲು. ಅಕ್ಕುವಿಗೆ ವೇದಿಕೆಯ ಮೇಲಿನಿಂದ ಅದು ಕೇಳಿಸಲಿಲ್ಲ. ಅಶ್ಮಿತಾ ಆಮೇಲೆ ಹೇಳಿದಾಗ, ಬಹುಮಾನಕ್ಕಿಂತ ಹೆಚ್ಚು ಸಲ ಅದನ್ನೇ ಕೇಳಿಸಿಕೊಂಡರು.

ಮರುವಾರ ಗೇಬ್ರಿಯಲ್ ಹೊಸ ಅರ್ಜಿ ಹಾಕಿದರು. ಹಿಂದೆ ಬರಲಿಲ್ಲ. ಅಕ್ಕುವಿನ ಕಾರ್ಡಿನಲ್ಲಿ ಈಗ ಇರುವುದು ‘ವಾಹನ ಪೇಂಟರ್’. ಶಾಲೆಯ ಫಾರಂಗಳಲ್ಲಿ ತಾಯಿಯ ಉದ್ಯೋಗದ ಮುಂದೆ ಹೌಸ್‌ವೈಫ್ ಎಂದು ತುಂಬುತ್ತಿದ್ದ ಅಶ್ಮಿತಾ ಈಗ ಅದನ್ನೇ ದೊಡ್ಡ ಅಕ್ಷರದಲ್ಲಿ ಬರೆಯುತ್ತಾಳೆ. “ಮೈ ಫ್ರೆಂಡ್ಸ್ ಡೋಂಟ್ ಬಿಲೀವ್ ಇಟ್” ಎನ್ನುತ್ತಾಳೆ, ಬೀಗುತ್ತ. ಕಷ್ಟದ ಬಣ್ಣ ಬಂದಾಗ ಮುಹಿಯುದ್ದೀನ್ ಈಗ ಕಂಪ್ಯೂಟರಿನ ಹತ್ತಿರ ಹೋಗುವ ಮೊದಲು ಅಕ್ಕುವಿನ ಹತ್ತಿರ ಬರುತ್ತಾರೆ. ಪತ್ರ ಕಳಿಸಿ ಹೆದರಿಸಿದ್ದ ಕಟ್ಟಡದವರೇ, ಕಂಬಗಳಿಗೆ ಉಜ್ಜಿಸಿಕೊಂಡ ಬಾಡಿಗೆದಾರರಿಗೆ ವರ್ಕ್‌ಶಾಪಿನ ನಂಬರು ಕೊಡುತ್ತಾರೆ.

ಎಲ್ಲವೂ ಸುಸೂತ್ರವೆಂದಲ್ಲ. ಮುತ್ತಿನ ಹೊಳಪಿನ ಬಿಳಿ ಇನ್ನೂ ಅವರಿಗೆ ಪೂರ್ತಿ ಒಲಿದಿಲ್ಲ. ಬಗ್ಗಿ ಬಗ್ಗಿ ಸೊಂಟ ನೋಯುತ್ತದೆ, ಥಿನ್ನರಿನ ವಾಸನೆಗೆ ವರ್ಷಕ್ಕೆರಡು ಸಲ ಗಂಟಲು ಕಟ್ಟುತ್ತದೆ. ಕಳೆದ ತಿಂಗಳು ಆರು ಗಿರಾಕಿಗಳಿಗೆ ಆಗುವುದಿಲ್ಲ ಎಂದು ಹೇಳಿ ಬಂದಿದ್ದಾರೆ.

ಗಂಟೆ ಒಂಬತ್ತೂವರೆ. ಬೆಳ್ಳಿ ಕಾರಿಗೆ ಏಳನೇ ಪದರ ಬಿದ್ದು, ಅದರ ಮೇಲೆ ಹೊಳಪಿನ ಲೇಪವೂ ಆಗಿದೆ. ಅಕ್ಕು ಪ್ಲಾಸ್ಟಿಕ್ ಹಾಳೆ ಮಡಚಿ, ಕುಂಚಗಳನ್ನು ತೊಳೆದು, ಚಕ್ರದ ಪೆಟ್ಟಿಗೆಗೆ ತುಂಬುತ್ತಾರೆ. ವರ್ಕ್‌ಶಾಪಿನ ವ್ಯಾನು ಬರಲು ಇನ್ನೂ ಹೊತ್ತಿದೆ. ಬೇರೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಅಕ್ಕು ಸುತ್ತ ನೋಡಿ, ದನಿ ತಗ್ಗಿಸುತ್ತಾರೆ.

ಸಾವಿರದ ಮುನ್ನೂರಕ್ಕೂ ಮೇಲೆ ಗಾಡಿ ಮುಟ್ಟಿದ ಇವರಿಗೆ ಗಾಡಿ ಓಡಿಸಲು ಬರುವುದಿಲ್ಲ. ಡ್ರೈವಿಂಗ್ ಕ್ಲಾಸಿಗೆ ಸೇರಿ ಏಳು ತಿಂಗಳಾಯಿತು. ಮೂರು ಸಲ ಟೆಸ್ಟಿಗೆ ಹೋದರು, ಮೂರು ಸಲವೂ ಪಾರ್ಕಿಂಗಿನಲ್ಲೇ ಫೇಲು. ಪಕ್ಕದ ಗಾಡಿಗೆ ತಾಗೀತು ಎಂಬ ಹೆದರಿಕೆಗೆ ಅಷ್ಟು ದೂರ ನಿಲ್ಲಿಸಿಬಿಡುತ್ತಾರಂತೆ. ನಾಲ್ಕನೆಯದು ಬರುವ ಬುಧವಾರ.

“ಈ ಸಲ ಪಾಸಾಗ್ತೇನೆ ನೋಡಿ. ಆದ ಕೂಡ್ಲೇ ಒಂದು ಕಾರು ತಗೊಳ್ಳುದು” ಎನ್ನುತ್ತಾರೆ ಅಕ್ಕು. “ಹಳತೇ ಸಾಕು ಮಾರಾಯ್ರೆ. ಗೀರು ಎಷ್ಟು ಬೇಕಾದ್ರೂ ಇರ್ಲಿ.”